ಮೂರು ಭಾಷೆ, ಮೂರು ಲಿಪಿ, ಒಂದೇ ಕಂಬ: ನಡೆಯುವವರ ಬೋರ್ಡು ಹೇಗಿರಬೇಕು?

ದಾರಿಹೋಕ

ಎಲ್ಲರಿಗೂ ನಮಸ್ಕಾರ. ಒಂದು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ನಿಮ್ಮ ಸಲಹೆ ಬೇಕು.

ನಮ್ಮ ತಂಡ ನಡೆದು ಓಡಾಡುವವರಿಗೆ ದಾರಿ ಬೋರ್ಡುಗಳನ್ನು ಮಾಡುತ್ತಿದೆ. ಗಾಡಿಯವರಿಗಲ್ಲ, ಕಾಲ್ನಡಿಗೆಯವರಿಗೆ ಮಾತ್ರ. ಮೂರು ಭಾಷೆ, ಮೂರು ಲಿಪಿ. ಯಾರಿಗೂ ಬೇಜಾರಾಗಬಾರದು ಅಂತ ಎಲ್ಲವನ್ನೂ ಮೂರರಲ್ಲೂ ಹಾಕಿದೆವು. ಒಂದು ಬೋರ್ಡಿಗೆ ಐದು ಜಾಗ, ಅಂದರೆ ಹದಿನೈದು ಸಾಲು. ಜೊತೆಗೆ ಬಾಣ, ದೂರ, ಚಿತ್ರ. ಕೊನೆಗೆ ಬೋರ್ಡು ಬಾಗಿಲಿನಷ್ಟಾಯಿತು.

ಅದೇ ಅಳತೆಗೆ ಕಾಗದದಲ್ಲಿ ಪ್ರಿಂಟ್ ಹಾಕಿಸಿ, ಒಂದು ಕಂಬಕ್ಕೆ ಕಟ್ಟಿ, ಕೆಳಗೆ ಕಟ್ಟೆ ಮೇಲೆ ಎರಡು ಗಂಟೆ ಕೂತೆ. ಜನ ಬರ್ತಾರೆ, ಕತ್ತೆತ್ತಿ ನೋಡ್ತಾರೆ, ತಮ್ಮ ಲಿಪಿ ಎಲ್ಲಿದೆ ಅಂತ ಹುಡುಕ್ತಾರೆ, ಆಮೇಲೆ ತಿರುಗಿ ನನ್ನನ್ನೇ ದಾರಿ ಕೇಳ್ತಾರೆ! ಬೋರ್ಡಿನ ಬುಡದಲ್ಲಿ ಕೂತವನನ್ನು.

ಒಬ್ಬರಂತೂ ಬೋರ್ಡನ್ನು ಪೂರ್ತಿ ಓದಿ, ಮುಂದೆ ಹೋಗುತ್ತಿದ್ದ ಅಜ್ಜಿಯೊಬ್ಬರನ್ನು ನಿಲ್ಲಿಸಿ "ಓಲ್ಡ್ ಲೇಕ್ ರೋಡ್ ಯಾವ ಕಡೆ?" ಅಂದರು. ಅಜ್ಜಿ "ಅಂಥದ್ದು ಇಲ್ಲಿ ಯಾವುದೂ ಇಲ್ಲಪ್ಪ" ಅಂದು ಹೊರಟೇ ಹೋದರು. ಅವರು ನಿಂತಿದ್ದ ರಸ್ತೆಯೇ ಅದು. ಹಳೇಕೆರೆ ರಸ್ತೆ ಅಂತಿಟ್ಟುಕೊಳ್ಳಿ, ನಿಜವಾದ ಹೆಸರು ಬೇರೆ. ನಾವೇ ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿ ಹಾಕಿದ್ದೆವು.

ಎಲ್ಲಿ ತಪ್ಪಿದೆವು? ಭಾಷೆ ಕಡಿಮೆ ಮಾಡಬೇಕಾ, ಜಾಗ ಕಡಿಮೆ ಮಾಡಬೇಕಾ?

ನಕ್ಷೆಹುಚ್ಚ

ನಿಮ್ಮ ಅಜ್ಜಿಯ ಕಥೆಯಲ್ಲೇ ಉತ್ತರ ಇದೆ ನೋಡಿ. ಬೋರ್ಡು ಓದಿದ ಮೇಲೆ ಮನುಷ್ಯ ಏನು ಮಾಡ್ತಾನೆ? ಇನ್ನೊಬ್ಬರನ್ನು ಕೇಳ್ತಾನೆ. ಬೋರ್ಡಿನಲ್ಲಿ ಓದಿದ್ದನ್ನು ಬಾಯಲ್ಲಿ ಹೇಳಿದರೆ ಎದುರಿನವರಿಗೆ ತಿಳಿಯಬೇಕು. ಹೆಸರಿನ ವಿಷಯದಲ್ಲಿ ನನಗಿರೋದು ಇದೊಂದೇ ಪರೀಕ್ಷೆ.

ಬೆಲ್ಜಿಯಂ ನೋಡಿ. ಅಲ್ಲಿ ಫ್ರೆಂಚ್ ಮಾತಾಡುವವರಿಗೆ ಮೋನ್ಸ್ ಆಗಿರುವ ಊರು ಡಚ್ ಮಾತಾಡುವವರಿಗೆ ಬರ್ಗೆನ್. ಎರಡಕ್ಕೂ ಅರ್ಥ 'ಬೆಟ್ಟಗಳು', ಆದರೆ ಕಿವಿಗೆ ಬೇರೆ ಊರು. ಗಡಿಯಾಚೆ ಫ್ರಾನ್ಸಿನಲ್ಲಿರುವ ಲಿಲ್ ಡಚ್ಚಿನಲ್ಲಿ ರೈಸೆಲ್. ಒಂದೇ ಊರಿನ ಕಡೆಗೆ ಹೋಗ್ತಾ ಇರ್ತೀರಿ, ಭಾಷೆಯ ಗಡಿ ದಾಟಿದ ತಕ್ಷಣ ಬೋರ್ಡಿನ ಮೇಲಿನ ಊರೇ ಮಾಯ. ಬ್ರಸೆಲ್ಸ್ ಮೆಟ್ರೊದಲ್ಲಿ ಆರ್-ಲ್ವಾ ಅಂತ ಒಂದು ನಿಲ್ದಾಣ. ಡಚ್ಚಿನಲ್ಲಿ ಅದೇ ಕುನ್ಸ್ಟ್-ವೆಟ್. ಕಲೆ-ಕಾನೂನು ಅಂತ ಪದಕ್ಕೆ ಪದ ಅನುವಾದ. ಅಲ್ಲಿಯವರಿಗೆ ಎರಡೂ ಬಳಕೆಯಲ್ಲಿರುವ ಹೆಸರೇ, ಹಾಗಾಗಿ ತಪ್ಪಲ್ಲ. ಹೊಸಬರ ಪಾಡು ಮಾತ್ರ ನಿಮ್ಮ ಓಲ್ಡ್ ಲೇಕ್ ರೋಡಿನವರ ಪಾಡೇ.

ಅವರಿಗೂ ನಿಮಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ಎರಡು ಹೆಸರೂ ಜನರ ಬಾಯಲ್ಲಿ ಇವೆ. ನಿಮ್ಮ ಎರಡನೇ ಹೆಸರು ಯಾರ ಬಾಯಲ್ಲೂ ಇಲ್ಲ, ಅದು ಆಫೀಸಿನಲ್ಲಿ ಹುಟ್ಟಿದ್ದು.

ಪದಕೋಶಮ್ಮ

ನಾನು ಅನುವಾದದ ಕೆಲಸ ಮಾಡುವವಳು. ದಾರಿಹೋಕ ಅವರೇ, ನಿಮ್ಮ ಅನುವಾದಕರನ್ನು ಬೈಯಬೇಡಿ. ಅವರಿಗೆ ನೀವು ಎಕ್ಸೆಲ್ ಶೀಟ್ ಕಳಿಸಿರ್ತೀರಿ, ಅಲ್ವಾ? ಎ ಕಾಲಂನಲ್ಲಿ ಪದ, ಬಿ ಕಾಲಂ ಖಾಲಿ. ಆ ಪದ ಎಲ್ಲಿ ಕೂರುತ್ತೆ, ಪಕ್ಕದಲ್ಲಿ ಏನಿರುತ್ತೆ, ಅದು ಹೆಸರೋ ಸೂಚನೆಯೋ, ಒಂದೂ ಗೊತ್ತಿರುವುದಿಲ್ಲ. ನನಗೊಮ್ಮೆ ಬರೀ 'ಬ್ಯಾಂಕ್' ಅಂತ ಬಂತು. ಹಣದ ಬ್ಯಾಂಕೋ ನದಿಯ ದಂಡೆಯೋ? ಕೇಳಿ ಮೇಲ್ ಹಾಕಿದರೆ ಮೂರು ದಿನ ಉತ್ತರ ಇಲ್ಲ. ಅದು ದಂಡೆಯಾಗಿತ್ತು!

ನಾನು ಶೀಟಿಗೆ ಮೊದಲು ಇನ್ನೊಂದು ಕಾಲಂ ಸೇರಿಸುತ್ತೇನೆ. ಅದರಲ್ಲಿ ಇದು ಹೆಸರು, ಇದು ಬಗೆ, ಇದು ಸೂಚನೆ ಅಂತ ಗುರುತು. ಹೆಸರಾದರೆ ಅನುವಾದ ಬೇಡ, ಉಚ್ಚಾರ ಹಾಗೇ ಬೇರೆ ಲಿಪಿಗೆ. ಬಗೆ ಅಂದರೆ ಆಸ್ಪತ್ರೆ, ಶೌಚಾಲಯ, ಬಸ್ ನಿಲ್ದಾಣ. ಇವಕ್ಕೆ ಚಿತ್ರ ಸಾಕು, ಬೇಕಿದ್ದರೆ ಒಂದು ಪದ. ಸೂಚನೆ ಮಾತ್ರ ಪೂರ್ತಿ ಅನುವಾದ ಆಗಬೇಕು. 'ಈ ದಾರಿ ರಾತ್ರಿ ಮುಚ್ಚಿರುತ್ತದೆ' ಅನ್ನೋದನ್ನು ಯಾವ ಚಿತ್ರವೂ ಸರಿಯಾಗಿ ಹೇಳಲಾರದು.

ಈ ಮೂರನ್ನು ಬಿಡಿಸಿದರೆ ನಿಮ್ಮ ಹದಿನೈದು ಸಾಲು ತಾನಾಗಿಯೇ ಕರಗುತ್ತೆ.

ಇನ್ನೊಂದು. ಭಾಷೆ ಬಲ್ಲ ಒಬ್ಬರು ಕೊನೆಯ ಪ್ರೂಫನ್ನು ಕಣ್ಣಾರೆ ನೋಡಲೇಬೇಕು. 2008ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಒಂದು ರಸ್ತೆ ಬೋರ್ಡು ನಿಲ್ಲಿಸಿದರು. ಇಂಗ್ಲಿಷಿನಲ್ಲಿ 'ಭಾರಿ ವಾಹನಗಳಿಗೆ ಪ್ರವೇಶವಿಲ್ಲ'. ಕೆಳಗೆ ವೆಲ್ಷ್‌ನಲ್ಲಿ 'ನಾನು ಈಗ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳುಹಿಸಿ'! ಅನುವಾದಕರ ರಜೆಯ ಆಟೊಮ್ಯಾಟಿಕ್ ಮೇಲ್ ಬಂದಿತ್ತು, ಅದನ್ನೇ ಅನುವಾದ ಅಂದುಕೊಂಡು ಬೋರ್ಡಿಗೆ ಏರಿಸಿದರು.

ಸುಮ್ನೆಬಂದೆ

ಎಲ್ಲರ ಕೈಲೂ ಫೋನ್ ಇದೆ. ಮ್ಯಾಪ್ ಅವರವರ ಭಾಷೆಯಲ್ಲೇ ಮಾತಾಡುತ್ತೆ. ಇಷ್ಟೆಲ್ಲಾ ಕಬ್ಬಿಣ ಯಾಕೆ?

ಮೆಲ್ಲಗೆನಡಿ

ಫೋನ್ ಹೇಳುವ ಹೆಸರು ಬೀದಿಯಲ್ಲಿ ಎಲ್ಲೂ ಬರೆದಿಲ್ಲ ಅಂದರೆ ನಾನು ಸರಿಯಾದ ಜಾಗಕ್ಕೆ ಬಂದಿದ್ದೇನೆ ಅಂತ ಹೇಗೆ ಗೊತ್ತಾಗಬೇಕು ಸ್ವಾಮಿ? ಎತ್ತರದ ಕಟ್ಟಡಗಳ ನಡುವೆ ಆ ನೀಲಿ ಚುಕ್ಕೆ ರಸ್ತೆಯ ಆಚೆ ಬದಿಗೆ ನೆಗೆದು ಕೂತಿರುತ್ತೆ. ಬಿಸಿಲಲ್ಲಿ ಸ್ಕ್ರೀನ್ ಕಾಣಲ್ಲ. ನನಗೆ ಎಪ್ಪತ್ತು ದಾಟಿದೆ. ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಚೀಲ. ಫೋನ್ ಹಿಡಿಯೋಕೆ ಮೂರನೇ ಕೈ ಇಲ್ಲ.

ಸುಮ್ನೆಬಂದೆ

ಸರಿ ಸರ್, ಒಪ್ಪಿದೆ. ಚರ್ಚೆ ಮುಂದುವರಿಸಿ.

ಅಕ್ಷರಗಾರ

ಬೋರ್ಡಿನ ಅಕ್ಷರ ಜೋಡಿಸೋದೇ ನನ್ನ ಕೆಲಸ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಮೊದಲು ಅಳತೆ. ಓದುವ ದೂರದ 200ರಲ್ಲಿ ಒಂದು ಪಾಲು ಅಕ್ಷರದ ಎತ್ತರ ಇರಲಿ ಅನ್ನೋದು ನಾವು ಬಳಸುವ ಅಂದಾಜು ಲೆಕ್ಕ. ಐದು ಮೀಟರ್ ದೂರಕ್ಕೆ 25 ಮಿಲಿಮೀಟರ್. ಕಣ್ಣು ಮಂಜಾದವರಿಗೆ ಇನ್ನೂ ದೊಡ್ಡದು. ಆದರೆ 'ಎತ್ತರ' ಅಂದರೆ ಯಾವುದರ ಎತ್ತರ? ಇಲ್ಲೇ ಜಗಳ ಶುರು. ಕಂಪ್ಯೂಟರಿನಲ್ಲಿ ಮೂರೂ ಲಿಪಿಗೆ 100 ಪಾಯಿಂಟ್ (ಅಕ್ಷರದ ಅಳತೆ) ಕೊಟ್ಟು ಸಮಾನ ಅಂತ ಸಹಿ ಹಾಕಿಸಿಕೊಂಡು ಹೋಗ್ತಾರೆ. ಕಂಬದ ಮೇಲೆ ಅದು ಸಮಾನವಾಗಿ ಕಾಣೋದೇ ಇಲ್ಲ. ರೋಮನ್ ಲಿಪಿಯ ದೊಡ್ಡಕ್ಷರ ಆ ಎತ್ತರದ ಬಹುಪಾಲು ತುಂಬುತ್ತೆ. ಕನ್ನಡದ 'ಸ್ತ್ರೀ' ಬರೆಯಿರಿ. ಸ, ಅದರ ಮೇಲಿನ ಗುಡಿಸು, ದೀರ್ಘ, ಕೆಳಗೆ ತ ಒತ್ತು, ಅದರ ಪಕ್ಕ ರ ಒತ್ತು. ಇಷ್ಟನ್ನೂ ಅದೇ 100 ಪಾಯಿಂಟಿನ ಒಳಗೆ ತುರುಕಿದರೆ ಮೂಲ ಅಕ್ಷರ ಪುಟ್ಟದಾಗಿ, ಒತ್ತು ಇರುವೆಯಷ್ಟಾಗುತ್ತೆ. ಹಾಗಾಗಿ ಪಾಯಿಂಟ್ ಮರೆತುಬಿಡಿ. ಮೂರನ್ನೂ ಪ್ರಿಂಟ್ ಹಾಕಿ, ಗೋಡೆಗೆ ಅಂಟಿಸಿ, ಹಿಂದೆ ಹಿಂದೆ ಹೋಗಿ. ಯಾವುದು ಮೊದಲು ಮಸುಕಾಗುತ್ತೋ ಅದನ್ನು ದೊಡ್ಡದು ಮಾಡಿ. ಕನ್ನಡದ ಎರಡು ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ.

ಎರಡನೆಯದು, ಅಕ್ಷರ ಒಡೆಯೋದು. ಡಿಸೈನ್ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ಆಯ್ಕೆ ಆನ್ ಆಗಿಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗುತ್ತೆ. ಅರಬ್ಬಿಯಲ್ಲಿ ಇನ್ನೂ ಕಷ್ಟ. ಕೂಡಿ ಬರೆಯಬೇಕಾದ ಅಕ್ಷರಗಳು ಬಿಡಿಯಾಗಿ, ತಿರುಗುಮುರುಗಾಗಿ ಬರುತ್ತವೆ. ಓದಲು ಬಾರದ ಡಿಸೈನರ್‌ಗೆ ಅದೂ ಚೆಂದವೇ! ಫೈಲ್ ಪ್ರೆಸ್ಸಿಗೆ ಹೋಗುವ ಮುಂಚೆ ಅಕ್ಷರಗಳನ್ನೆಲ್ಲ ಕರ್ವ್ ಮಾಡಿಸಿ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿ ಬದಲಾಯಿಸಿ. ಪ್ರೆಸ್ಸಿನವರ ಹತ್ತಿರ ನಿಮ್ಮ ಫಾಂಟ್ ಇರೋದಿಲ್ಲ, ಅವರು ಇನ್ನೇನೋ ಹಾಕಿಬಿಡ್ತಾರೆ.

ಮೂರನೆಯದು ನನ್ನದೇ ತಪ್ಪು. ಬಲದಿಂದ ಎಡಕ್ಕೆ ಓದುವ ಲಿಪಿಯ ಬೋರ್ಡೊಂದನ್ನು ಮಾಡುವಾಗ ಇಡೀ ವಿನ್ಯಾಸವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿದೆ. ಪಠ್ಯದ ಜೊತೆ ಬಾಣವೂ ತಿರುಗಿತು. ಎಡಕ್ಕಿರುವ ಜಾಗಕ್ಕೆ ಬಲಕ್ಕೆ ಬಾಣ. ಪ್ರೂಫ್ ನೋಡಿದ ಮೂವರೂ ಅಕ್ಷರ ಓದಿದರು, ಬಾಣವನ್ನು ಯಾರೂ ನೋಡಲಿಲ್ಲ. ಲಿಪಿ ಯಾವ ಕಡೆಯಿಂದಲಾದರೂ ಓದಲಿ, ಎಡ ಎಡವೇ ಅಲ್ವಾ.

ಪದಕೋಶಮ್ಮ

ಬಾಣದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಮೊನ್ನೆ ಒಂದು ಕರಡಿನಲ್ಲಿ 'ಬಸ್ ನಿಲ್ದಾಣಕ್ಕೆ ಹೋಗುವ ಮಾರ್ಗ' ಅಂತಿತ್ತು, ಪಕ್ಕದಲ್ಲೇ ಬಾಣ. ನಾನು 'ಬಸ್ ನಿಲ್ದಾಣ' ಅಷ್ಟನ್ನೇ ಉಳಿಸಿದೆ. ಕನ್ನಡ ಉದ್ದವಾಗುತ್ತೆ, ಜಾಗ ತಿನ್ನುತ್ತೆ ಅಂತ ಡಿಸೈನರ್‌ಗಳು ಗೊಣಗ್ತಾರಲ್ಲ, ಅರ್ಧ ಉದ್ದ ನಾವೇ ತಂದುಕೊಂಡಿದ್ದು. ಬೋರ್ಡಿನ ಮೇಲೆ ಬಾಣವೇ ಚತುರ್ಥಿ ವಿಭಕ್ತಿ. 'ಗೆ', 'ಕ್ಕೆ' ಕೆಲಸ ಅದು ಮಾಡುತ್ತೆ, 'ಹೋಗುವ ಮಾರ್ಗ'ದ ಕೆಲಸವನ್ನೂ ಅದೇ ಮಾಡುತ್ತೆ.

ಹಾಗೇ 'ಪಾದಚಾರಿ ಭೂಗತ ಮಾರ್ಗ' ಅಂತ ಬರೆದರೆ ಯಾರಾದರೂ ಅದನ್ನು ಬಾಯಲ್ಲಿ ಹೇಳ್ತಾರಾ? ಸಬ್‌ವೇ ಅಂತಾರೆ. 'ಮೇಲ್ಸೇತುವೆ' ಅಂದರೆ ಗಾಡಿಗಳದ್ದೋ ನಡೆಯುವವರದ್ದೋ ಗೊತ್ತಾಗಲ್ಲ. ನಕ್ಷೆಹುಚ್ಚ ಅವರ ಬಾಯಿಯ ಪರೀಕ್ಷೆ ಹೆಸರಿಗೆ ಮಾತ್ರ ಅಲ್ಲ, ಈ ಪದಗಳಿಗೂ ಇರಲಿ.

ಭಾಷೆಮೊದಲು

ಎಲ್ಲರೂ ಒತ್ತು, ಬಾಣ ಅಂತ ಮಾತಾಡ್ತಿದ್ದೀರಿ. ಅಸಲಿ ಪ್ರಶ್ನೆ ಯಾರೂ ಎತ್ತುತ್ತಿಲ್ಲ. ಯಾವ ಭಾಷೆ ಮೇಲೆ? ವೇಲ್ಸ್‌ನಲ್ಲಿ 2016ರ ನಿಯಮದ ಪ್ರಕಾರ ಹೊಸ ರಸ್ತೆ ಬೋರ್ಡುಗಳಲ್ಲಿ ವೆಲ್ಷ್ ಮೇಲೆ, ಇಂಗ್ಲಿಷ್ ಕೆಳಗೆ. ಅದಕ್ಕೆ ಮುಂಚೆ ಒಂದೊಂದು ಕಡೆ ಒಂದೊಂದು ಥರ ಇತ್ತು. ನೆಲದ ಭಾಷೆ ಮೇಲಿರಬೇಕು, ದೊಡ್ಡದಾಗಿರಬೇಕು. ಇದನ್ನು ಡಿಸೈನರ್‌ಗೆ ಬಿಡಬಾರದು.

ನಕ್ಷೆಹುಚ್ಚ

ಫಿನ್ಲೆಂಡಿನಲ್ಲಿ ಬೇರೆ ಲೆಕ್ಕ. ಫಿನ್ನಿಷ್ ಮತ್ತು ಸ್ವೀಡಿಷ್ ಎರಡೂ ಇರುವ ಊರುಗಳಲ್ಲಿ ಯಾವ ಭಾಷೆಯವರು ಜಾಸ್ತಿಯೋ ಅದು ಮೇಲೆ. ಪಕ್ಕದ ಊರಿಗೆ ಹೋದರೆ ಅದೇ ಎರಡು ಭಾಷೆ ಅದಲು ಬದಲು. ಐರ್ಲೆಂಡಿನಲ್ಲಿ ಐರಿಷ್ ಮೇಲೆ, ಓರೆ ಅಕ್ಷರದಲ್ಲಿ. ಇಂಗ್ಲಿಷ್ ಕೆಳಗೆ, ಎಲ್ಲಾ ದೊಡ್ಡಕ್ಷರ. ಎರಡೂ ಒಂದೇ ರೋಮನ್ ಲಿಪಿ ಆದ್ದರಿಂದ ಕಣ್ಣಿಗೆ ಬೇರೆ ಬೇರೆ ಕಾಣಲಿ ಅಂತ ಈ ಉಪಾಯ.

ನೆಲದ ಭಾಷೆ ಮೇಲಿರಲಿ ಅನ್ನೋದನ್ನು ನಾನೂ ಒಪ್ತೀನಿ. ನನ್ನ ಕಾರಣ ಬೇರೆ. ಹೊರಗಿನವನಿಗೂ ನೆಲದ ಲಿಪಿ ಬೇಕು. ಓದೋಕಲ್ಲ, ಹೋಲಿಸಿ ನೋಡೋಕೆ. ಬೋರ್ಡಿನಲ್ಲಿ ಕಂಡ ಆಕಾರ, ಎದುರಿನ ಕಟ್ಟಡದ ಮೇಲಿನ ಆಕಾರ ಒಂದೇ ಅಂತ ಗೊತ್ತಾದರೆ ಸಾಕು. ಇಲ್ಲವಾದರೆ ಬೋರ್ಡಿನ ಫೋಟೊ ತೆಗೆದು ದಾರಿಯಲ್ಲಿ ಹೋಗುವವರಿಗೆ ತೋರಿಸ್ತಾನೆ.

ಭಾಷೆಮೊದಲು

ಆ ಕಾರಣ ನನಗೆ ಹೊಳೆದಿರಲಿಲ್ಲ. ಆದರೂ ನೆಲದ ಭಾಷೆ ಮೇಲಿರೋಕೆ ಹೊರಗಿನವನ ಅನುಕೂಲದ ನೆಪ ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ನಕ್ಷೆಹುಚ್ಚ

ಅದೂ ಸರಿಯೇ. 😄

ದಾರಿಹೋಕ

ಬಗೆಗಳಿಗೆ ಚಿತ್ರ ಸಾಕು ಅಂದರಲ್ಲ ಪದಕೋಶಮ್ಮ ಅವರು. ಚಿತ್ರ ಎಲ್ಲರಿಗೂ ನಿಜವಾಗಿ ತಿಳಿಯುತ್ತಾ?

ಅಕ್ಷರಗಾರ

ಎಲ್ಲವೂ ಇಲ್ಲ. ಬಾಗಿಲ ಕಡೆ ಓಡುವ ಹಸಿರು ಮನುಷ್ಯ ಗೊತ್ತಲ್ಲ, ತುರ್ತು ನಿರ್ಗಮನದ್ದು? ಜಪಾನಿನ ಯುಕಿಯೊ ಓಟ ರೂಪಿಸಿದ್ದು, 1980ರ ದಶಕದಲ್ಲಿ ಐಎಸ್‌ಒ ಎಂಬ ಮಾನದಂಡ ಸಂಸ್ಥೆಯ ಅಂತರರಾಷ್ಟ್ರೀಯ ಚಿಹ್ನೆಯಾಯಿತು. ಅದು ಗೆದ್ದ ಚಿತ್ರ. ಅದೇ ಜಪಾನಿನ ಇನ್ನೊಂದನ್ನು ನೋಡಿ. ಬಿಸಿನೀರಿನ ಬುಗ್ಗೆಗೆ ಅವರಲ್ಲಿ ಹಳೆಯ ಗುರುತು, ಒಂದು ಬಟ್ಟಲು, ಮೇಲೆ ಮೂರು ಎಳೆ ಹಬೆ. ಹೊರದೇಶದವರು ಅದನ್ನು ಬಿಸಿ ಊಟ ಸಿಗುವ ಜಾಗ ಅಂದುಕೊಳ್ಳುತ್ತಿದ್ದರು! ಹಬೆಯ ಒಳಗೆ ಮೂರು ಜನ ಕೂತಿರುವ ಅಂತರರಾಷ್ಟ್ರೀಯ ಚಿತ್ರಕ್ಕೆ ಬದಲಾಯಿಸೋಣ ಅಂದಾಗ ಸ್ನಾನಗೃಹದವರೇ ಬೇಡ ಅಂದರು. 2017ರಲ್ಲಿ ಎರಡನ್ನೂ ಉಳಿಸಿಕೊಂಡರು.

ನಾವು ಮಾಡೋದು ಇಷ್ಟೇ. ಪದ ಇಲ್ಲದೆ ಚಿತ್ರವನ್ನು ಇಪ್ಪತ್ತು ಜನಕ್ಕೆ ತೋರಿಸಿ 'ಇಲ್ಲಿ ಹೋದರೆ ಏನು ಸಿಗುತ್ತೆ?' ಅಂತ ಕೇಳ್ತೀವಿ. 'ಇದೇನು?' ಅಂತ ಕೇಳಬಾರದು. ಕೇಳಿದರೆ 'ಗಂಡಸು ಹೆಂಗಸು' ಅಂತಾರೆ. 'ಏನು ಸಿಗುತ್ತೆ' ಅಂದರೆ 'ಶೌಚಾಲಯ' ಅಂತಾರೆ.

ನಕ್ಷೆಹುಚ್ಚ

ಚಿತ್ರವನ್ನೇ ಹೆಸರಾಗಿ ಬಳಸಿದ್ದೂ ಇದೆ. ಮೆಕ್ಸಿಕೊ ನಗರದಲ್ಲಿ 1969ರಲ್ಲಿ ಮೆಟ್ರೊ ಶುರುವಾದಾಗ ಲ್ಯಾನ್ಸ್ ವೈಮನ್ ಎಂಬ ವಿನ್ಯಾಸಕಾರ ಪ್ರತಿ ನಿಲ್ದಾಣಕ್ಕೂ ಒಂದೊಂದು ಚಿತ್ರ ಕೊಡುವ ಪದ್ಧತಿ ತಂದರು. ಚಪುಲ್ತೆಪೆಕ್ ಅಂದರೆ ಅಲ್ಲಿನ ಹಳೆಯ ನಹುವಾ ಭಾಷೆಯಲ್ಲಿ ಮಿಡತೆಯ ಬೆಟ್ಟ. ಆ ನಿಲ್ದಾಣಕ್ಕೆ ಮಿಡತೆ. ಓದು ಬಾರದವರಿಗೂ 'ಮಿಡತೆ ಹತ್ತಿರ ಇಳಿ' ಅಂದರೆ ಸಾಕು. ನೋಡಿ, ಇದೂ ಬಾಯಿಯ ಪರೀಕ್ಷೆಯಲ್ಲಿ ಪಾಸು. ಟೋಕಿಯೊ ಮೆಟ್ರೊ 2004ರಲ್ಲಿ ಪ್ರತಿ ನಿಲ್ದಾಣಕ್ಕೂ ಅದರ ಮಾರ್ಗದ ಅಕ್ಷರ, ಎರಡಂಕಿಯ ಸಂಖ್ಯೆ ಕೊಟ್ಟಿತು. ಗಿಂಜಾ ಮಾರ್ಗದ ಗಿಂಜಾ ನಿಲ್ದಾಣ ಜಿ-09.

ಬೆರಳೋದು

ಬೆರಳಲ್ಲಿ ಓದುವವನು ನಾನು. ಬಹುಭಾಷೆ ಅಂತ ಇಷ್ಟು ಮಾತಾಡಿದಿರಿ, ನಮ್ಮ ಲಿಪಿಯನ್ನು ಇನ್ನೂ ಯಾರೂ ಎತ್ತಿಲ್ಲ, ಹಾಗಾಗಿ ಬಂದೆ.

ಭಾರತೀಯ ಭಾಷೆಗಳಿಗೆ ಭಾರತಿ ಬ್ರೈಲ್ ಅಂತ ಇದೆ. ಅದರಲ್ಲಿ ಕನ್ನಡದ 'ಕ'ಕ್ಕೂ ಹಿಂದಿಯ 'ಕ'ಕ್ಕೂ ಒಂದೇ ಚುಕ್ಕೆ ಗುಂಪು. ಅಂದರೆ ನೀವು ಮೂರು ಲಿಪಿ ಹಿಡಿಸೋಕೆ ಬಡಿದಾಡುತ್ತಿದ್ದೀರಿ, ಹೆಸರನ್ನು ಒಮ್ಮೆ ಬರೆದರೆ ನಮ್ಮಲ್ಲಿ ಎರಡು ಭಾಷೆಯವರು ಓದಿಕೊಳ್ಳಬಹುದು.

ಆದರೆ ಅದನ್ನು ಎಲ್ಲಿ ಹಾಕ್ತೀರಿ ಅನ್ನೋದು ಮುಖ್ಯ. ತಲೆಯ ಮೇಲಿನ ಬೋರ್ಡಿನಲ್ಲಿ ಬ್ರೈಲ್ ಅಂಟಿಸಿದ್ದಾರೆ ಅಂತ ಗೆಳೆಯರೊಬ್ಬರು ಹೇಳಿದರು. ನಾನು ಏಣಿ ತರಬೇಕಿತ್ತು! ಎದೆಯೆತ್ತರದಲ್ಲಿ ಇರಬೇಕು, ಎಲ್ಲಾ ಕಂಬದಲ್ಲೂ ಒಂದೇ ಬದಿಗೆ ಇರಬೇಕು. ಮತ್ತೆ ಅಲ್ಲೊಂದು ಕಂಬ ಇದೆ ಅಂತ ನನಗೆ ಗೊತ್ತಾಗಬೇಕಲ್ಲ? ಅದಕ್ಕೆ ನೆಲದ ಉಬ್ಬು ಹಾಸು ಬೇಕು. ಜಪಾನಿನ ಸೆಯಿಚಿ ಮಿಯಾಕೆ ಮಾಡಿದ ಆ ಹಾಸು ಮೊದಲು ಬಂದಿದ್ದು 1967ರಲ್ಲಿ, ಒಕಾಯಾಮ ಊರಿನ ರಸ್ತೆ ದಾಟುವ ಜಾಗದಲ್ಲಿ. ಉದ್ದ ಗೆರೆ ಅಂದರೆ ನಡಿ, ಚುಕ್ಕೆ ಅಂದರೆ ನಿಲ್ಲು. ಹೋದ ವರ್ಷ ಅಂಥ ಗೆರೆ ಹಿಡಿದು ಹೋಗ್ತಿದ್ದೆ. ಹಣೆಗೆ ಕಬ್ಬಿಣ ಬಡಿಯಿತು. ಹಾಸಿನ ಮೇಲೇ ಹೊಸ ಕಂಬ ನೆಟ್ಟಿದ್ದರು. ಕಂಬದ ಮೇಲೆ ಏನಿತ್ತು ಅಂತ ಆಮೇಲೆ ಕೇಳಿ ತಿಳಿದೆ. ದಾರಿ ತೋರಿಸುವ ಬೋರ್ಡಂತೆ.

ದಾರಿಹೋಕ

ಕ್ಷಮಿಸಿ ಸರ್. ನಮ್ಮ ನಕ್ಷೆಯಲ್ಲಿ ಕಂಬಗಳು ಒಂದು ಪದರ, ಉಬ್ಬು ಹಾಸು ಇನ್ನೊಂದು ಪದರ. ಎರಡನ್ನೂ ಒಟ್ಟಿಗೆ ತೆರೆದು ಯಾರೂ ನೋಡಿಲ್ಲ. ಇವತ್ತೇ ನೋಡಿಸ್ತೀನಿ.

ಮೆಲ್ಲಗೆನಡಿ

ದೂರದ ಬಗ್ಗೆ ನನ್ನದೊಂದು ಮಾತು. 650 ಮೀಟರ್ ಅಂತ ಬರೆದರೆ ನನಗೇನೂ ಹೊಳೆಯಲ್ಲ. 8 ನಿಮಿಷ ಅಂದರೆ ಹೊಳೆಯುತ್ತೆ. ಅಂಕಿಗೆ ಅನುವಾದವೂ ಬೇಡ. ಆದರೆ ಯಾರ ನಿಮಿಷ?

ನಕ್ಷೆಹುಚ್ಚ

ಒಳ್ಳೆಯ ಪ್ರಶ್ನೆ ಸರ್. ಜಪಾನಿನ ಮನೆ ಮಾರಾಟದ ಜಾಹೀರಾತುಗಳಲ್ಲಿ 80 ಮೀಟರಿಗೆ ಒಂದು ನಿಮಿಷ ಅಂತ ನಿಯಮವೇ ಇದೆ. ಗಂಟೆಗೆ 4.8 ಕಿಲೋಮೀಟರ್. ಅದು ಆರಾಮಾಗಿ ನಡೆಯಬಲ್ಲವರ ಲೆಕ್ಕ. ನಿಮ್ಮ ವೇಗ ಸೆಕೆಂಡಿಗೆ 0.8 ಮೀಟರ್ ಅಂತಿಟ್ಟುಕೊಳ್ಳಿ, ಅದೇ 650 ಮೀಟರಿಗೆ ಹದಿಮೂರು ನಿಮಿಷಕ್ಕಿಂತ ಜಾಸ್ತಿ. ಯಾವ ಲೆಕ್ಕ ಹಿಡಿದರೂ ಎಲ್ಲಾ ಬೋರ್ಡಿನಲ್ಲೂ ಒಂದೇ ಇರಲಿ. ಆಗ 'ಬೋರ್ಡಿನ ಐದು ನಿಮಿಷ ನನಗೆ ಎಂಟು' ಅಂತ ಜನ ಎರಡೇ ದಿನಕ್ಕೆ ಲೆಕ್ಕ ಹಾಕಿಕೊಳ್ತಾರೆ. ಮೆಟ್ಟಿಲಿದ್ದರೆ ಮಾತ್ರ ಮೆಟ್ಟಿಲಿನ ಚಿತ್ರ ಹಾಕಲೇಬೇಕು.

ಲಂಡನ್ನಿನ 'ಲೆಜಿಬಲ್ ಲಂಡನ್' ಎಂಬ ಕಾಲ್ನಡಿಗೆ ಬೋರ್ಡುಗಳ ಯೋಜನೆ ಇದಕ್ಕೆ ಒಳ್ಳೆಯ ಮಾದರಿ. ಅದಕ್ಕೆ ಮುಂಚೆ ನಡೆಯುವವರಿಗಾಗಿ ಲಂಡನ್ನಿನ ನಡುಭಾಗವೊಂದರಲ್ಲೇ 32 ಬೇರೆ ಬೇರೆ ಬೋರ್ಡು ವ್ಯವಸ್ಥೆ ಇದ್ದವು. 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತ ಹೊಸ ಬೋರ್ಡುಗಳ ಪ್ರಯೋಗ ಶುರುವಾಯಿತು. ಅದರ ನಕ್ಷೆಯಲ್ಲಿ ಐದು ನಿಮಿಷ ನಡೆದರೆ ಎಲ್ಲಿಯವರೆಗೆ, ಹದಿನೈದು ನಿಮಿಷಕ್ಕೆ ಎಲ್ಲಿಯವರೆಗೆ ಅಂತ ವೃತ್ತ ಎಳೆದಿರ್ತಾರೆ. ನಕ್ಷೆಯ ಮೇಲ್ಭಾಗ ಉತ್ತರ ಅಲ್ಲ, ನೀವು ಮುಖ ಮಾಡಿ ನಿಂತ ದಿಕ್ಕು. ತಪ್ಪು ದಿಕ್ಕಿಗೆ ತಿರುಗಿದ 'ನೀವು ಇಲ್ಲಿದ್ದೀರಿ' ನಕ್ಷೆ ಜನರನ್ನು ಉಲ್ಟಾ ಕಡೆಗೆ ಕಳಿಸುತ್ತೆ ಅಂತ ಮಾರ್ವಿನ್ ಲೆವೀನ್ ಎಂಬ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ತೋರಿಸಿದ್ದರು.

ದಾರಿಹೋಕ

ಎರಡನೇ ಕರಡು ಆಯಿತು. ಒಂದು ಕಂಬಕ್ಕೆ ಮೂರೇ ಜಾಗ. ಹೆಸರು ನೆಲದ ಲಿಪಿಯಲ್ಲಿ ದೊಡ್ಡದಾಗಿ, ಕೆಳಗೆ ಅದೇ ಉಚ್ಚಾರ ರೋಮನ್ನಿನಲ್ಲಿ. ಬಗೆಗೆ ಚಿತ್ರ. ದೂರ ನಿಮಿಷದಲ್ಲಿ. ಮೂರನೇ ಭಾಷೆ ಎದೆಯೆತ್ತರದ ನಕ್ಷೆಯಲ್ಲಿ ಮಾತ್ರ, ಸೂಚನೆಗಳ ಜೊತೆ. ಬ್ರೈಲ್ ಕೂಡ ಅಲ್ಲೇ. ಹಾಸಿನ ಮೇಲೆ ಬಂದಿದ್ದ ನಾಲ್ಕು ಕಂಬ ಸರಿಸಿದ್ದೇವೆ.

ಭಾಷೆಮೊದಲು

ಮೂರನೇ ಭಾಷೆಯವರನ್ನು ಕೆಳಗೆ ಕೂರಿಸಿದ ಹಾಗಾಯಿತು ಅಂತ ಅವರು ಕೇಳಿದರೆ?

ದಾರಿಹೋಕ

ಕೇಳ್ತಾರೆ. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆ ಭಾಷೆಯವರು ಜಾಸ್ತಿ ಇರುವ ಬೀದಿಗಳಲ್ಲಿ ಕಂಬದ ಮೇಲೂ ಹಾಕೋಣ ಅಂತ ತಂಡದಲ್ಲಿ ಅರ್ಧ ಜನ, ಎಲ್ಲಾ ಕಡೆ ಒಂದೇ ಥರ ಇರಲಿ ಅಂತ ಇನ್ನರ್ಧ. ನಾನು ಮೊದಲನೇ ಗುಂಪು.

ಪದಕೋಶಮ್ಮ

ಉಚ್ಚಾರ ರೋಮನ್ನಿಗೆ ಹಾಕುವಾಗ ಜಪಾನಿನವರ ಇನ್ನೊಂದು ಉಪಾಯ ನೋಡಿ. 'ಕವಾ' ಅಂದರೆ ನದಿ. ಅರಾಕವಾ ನದಿಯನ್ನು ಅವರು 'ಅರಾ ರಿವರ್' ಅಂತ ಕತ್ತರಿಸಲ್ಲ, 'ಅರಾಕವಾ ರಿವರ್' ಅಂತಾರೆ. ನದಿ ಎರಡು ಸಲ ಬಂತು, ಬರಲಿ ಬಿಡಿ. ಹೊರಗಿನವರಿಗೆ ಅದು ನದಿ ಅಂತ ಗೊತ್ತಾಯಿತು, ಹೆಸರೂ ಮುರಿಯಲಿಲ್ಲ. ನೀವೂ 'ಹಳೇಕೆರೆ ರೋಡ್' ಅಂತ ಮಾಡಿ. ಕೆರೆಯ ಹತ್ತಿರ ಒಂದು ಅಲೆಯ ಚಿತ್ರ ಸಾಕು.

ದಾರಿಹೋಕ

ಅದನ್ನೇ ಮಾಡಿದೆ ಮೇಡಂ. ಇವತ್ತು ಬೆಳಗ್ಗೆ ಮತ್ತೆ ಕಾಗದ ಕಟ್ಟಿ ಕೂತಿದ್ದೆ. ಒಬ್ಬ ಹುಡುಗಿ ರೋಮನ್ ಸಾಲು ನೋಡಿ, ಪಕ್ಕದಲ್ಲಿ ಹೋಗುತ್ತಿದ್ದವರಿಗೆ "ಹಳೇ ಕೇರೇ ರೋಡ್?" ಅಂದಳು. ಎರಡೂ ದೀರ್ಘ. ಅವರು ಒಂದು ಕ್ಷಣ ನಿಂತು, "ಓ, ಹಳೇಕೆರೆಯಾ?" ಅಂತ ಕೈ ತೋರಿಸಿದರು. ಹುಡುಗಿ ಮತ್ತೆ ಬೋರ್ಡು ನೋಡಿ, ಈ ಸಲ ಸರಿಯಾಗಿ "ಹಳೇಕೆರೆ" ಅಂತ ತನ್ನಷ್ಟಕ್ಕೆ ಹೇಳಿಕೊಂಡು ಹೋದಳು.

ಅಕ್ಷರಗಾರ

ರೋಮನ್ನಿನಲ್ಲಿ ಎ-ಏ ವ್ಯತ್ಯಾಸ ಕಾಣಲ್ಲ. ದೇವನಾಗರಿಯಲ್ಲೂ ಬಳಕೆಯಲ್ಲಿರೋದು ದೀರ್ಘ ಏಕಾರ ಮಾತ್ರ. ಅಲ್ಲಿ ಬರೆದರೂ ಕೇರೇ ಅಂತಲೇ ಓದ್ತಾರೆ. ಅಂದಹಾಗೆ ಆ ಹತ್ತಿರ 'ಕೇರಿ' ಅಂತ ಮುಗಿಯುವ ಹೆಸರು ಯಾವುದಾದರೂ ಇದೆಯಾ?

ದಾರಿಹೋಕ

ಇದೆ ಸರ್. ಎರಡು ತಿರುವು ಆಚೆ, ಅದೇ ಕಂಬದಲ್ಲಿ ಎರಡನೇ ಸಾಲು.

ಅಕ್ಷರಗಾರ

ಹಾಗಾದರೆ ಅವೆರಡನ್ನೂ ಒಂದೇ ಕಂಬದಲ್ಲಿ ಇಡಬೇಡಿ. ಸಂಜೆ ಫೈಲ್ ಕಳಿಸಿ, ಕರ್ವ್ ಮಾಡುವ ಮುಂಚೆ.